ಅಂಕಿತವಿಲ್ಲದ ಹಾಡುಗಳ ನಡುವೆ: ಆನ್ ಬ್ರಿಗ್ಸ್ ಅವರ 1971ರ ಗೀತಸಂಪುಟ

(ಜನಪದ ಸಂಗೀತಾಸಕ್ತರ ಒಂದು ಕೂಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಅಂದು ಮಾತಿನ ನಡುವೆ ಹಾಡುಗಳನ್ನು ಕೇಳಿಸಿದ್ದೆ. ಬರಹದಲ್ಲಿ ಅದು ಸಾಧ್ಯವಿಲ್ಲದ ಕಾರಣ ಹಾಡುಗಳ ಕಥೆಯನ್ನು ಮತ್ತು ಹಾಡಿಕೆಯನ್ನು ತುಸು ವಿಸ್ತಾರವಾಗಿ ವಿವರಿಸಿದ್ದೇನೆ.)

ಸಹೃದಯರಿಗೆ ವಂದನೆಗಳು. ಇಂದು ನಾನು ಮಾತನಾಡಬೇಕೆಂದಿರುವುದು ಒಂದೇ ಒಂದು ಧ್ವನಿಮುದ್ರಿಕೆಯ ಬಗ್ಗೆ. ಲಂಡನ್ನಿನ ಟಾಪಿಕ್ ರೆಕಾರ್ಡ್ಸ್ ಸಂಸ್ಥೆಯು 1971ರಲ್ಲಿ ಇಂಗ್ಲೆಂಡಿನ ಜನಪದ ಗಾಯಕಿ ಆನ್ ಬ್ರಿಗ್ಸ್ ಅವರ ಮೊದಲ ಪೂರ್ಣ ಗೀತಸಂಪುಟವನ್ನು ಅವರ ಹೆಸರನ್ನೇ ಶೀರ್ಷಿಕೆಯಾಗಿಟ್ಟು ಹೊರತಂದಿತು. ಅದರಲ್ಲಿರುವುದು ಹತ್ತು ಹಾಡುಗಳು. ಎಂಟು ಹಾಡುಗಳು ಪರಂಪರೆಯಿಂದ ಬಂದವು, ಕರ್ತೃವಿನ ಹೆಸರಿಲ್ಲದವು. ಉಳಿದ ಎರಡು ಹೊಸ ಹಾಡುಗಳು. ಅವುಗಳಲ್ಲಿ ಒಂದನ್ನು ಬ್ರಿಗ್ಸ್ ತಮ್ಮ ಗೆಳೆಯ, ಗಿಟಾರ್ ವಾದಕ ಬರ್ಟ್ ಜ್ಯಾನ್ಶ್ ಜೊತೆಗೂಡಿ ಕಟ್ಟಿದರು, ಇನ್ನೊಂದನ್ನು ಒಬ್ಬರೇ ಕಟ್ಟಿದರು. ಯಾವುದು ಹಳೆಯದು, ಯಾವುದು ಹೊಸದು ಎಂಬುದನ್ನು ಹೇಳದೆ ಈ ಮುದ್ರಿಕೆಯನ್ನು ಮೊದಲ ಬಾರಿಗೆ ಕೇಳುವವರ ಮುಂದಿಟ್ಟರೆ ಆ ಎರಡನ್ನು ಬೇರ್ಪಡಿಸುವುದು ಸುಲಭವಲ್ಲ. ಅದು ಹೇಗೆ ಸಾಧ್ಯವಾಯಿತು ಎಂಬುದೇ ಇಂದಿನ ನನ್ನ ವಿಷಯ.

ಮೊದಲು ಆ ಎಂಟು ಹಾಡುಗಳ ಜಾತಿಯ ಬಗ್ಗೆ ಎರಡು ಮಾತು. ಇಂಗ್ಲಿಷಿನಲ್ಲಿ ಬ್ಯಾಲೆಡ್ ಎಂದು ಕರೆಯುವುದನ್ನು ನಾವು ಕಥನಗೀತೆ ಎನ್ನುತ್ತೇವೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅವರು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ 305 ಕಥನಗೀತೆಗಳನ್ನು ಅವುಗಳ ಪಾಠಾಂತರಗಳೊಂದಿಗೆ ಸಂಪಾದಿಸಿದರು. ಆ ಸಂಪುಟಗಳು 1882ರಿಂದ 1898ರವರೆಗೆ ಪ್ರಕಟವಾದವು. ಚೈಲ್ಡ್ ಕೊಟ್ಟ ಸಂಖ್ಯೆಯಿಂದಲೇ ಆ ಹಾಡುಗಳನ್ನು ಇಂದಿಗೂ ಗುರುತಿಸುತ್ತಾರೆ. ಸರಿಸುಮಾರು ಅದೇ ಕಾಲದಲ್ಲಿ, 1880ರ ದಶಕದಲ್ಲಿ, ನಮ್ಮ ಮುಂಬಯಿ ಕರ್ನಾಟಕದಲ್ಲಿ ಅಧಿಕಾರಿಯಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್ ಅವರು ಸಂಗೊಳ್ಳಿ ರಾಯಣ್ಣನ ದಂಗೆ, ಹಲಗಲಿ ಬೇಡರ ದಂಗೆಗಳನ್ನು ಕುರಿತ ಕನ್ನಡ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸುತ್ತಿದ್ದರು. ಸಮುದ್ರದ ಆಚೆಗೂ ಈಚೆಗೂ ಬಾಯಿಂದ ಬಾಯಿಗೆ ಹರಿದುಬಂದ ಕಥೆಯ ಹಾಡುಗಳು ಒಂದೇ ಕಾಲಕ್ಕೆ ಕಾಗದಕ್ಕೆ ಇಳಿದವು ಎಂಬುದನ್ನು ನೆನೆದರೆ, ಈ ಇಂಗ್ಲಿಷ್ ಹಾಡುಗಳ ಮುಂದೆ ನಾವು ಪೂರ್ತಿ ಪರಕೀಯರಾಗಬೇಕಾಗಿಲ್ಲ ಎಂದು ನನಗನ್ನಿಸುತ್ತದೆ. ‘ಕೆರೆಗೆ ಹಾರ’ವನ್ನು ಕೇಳಿ ಬೆಳೆದವರಿಗೆ ಅವುಗಳ ರೀತಿ ತಾನಾಗಿ ಪರಿಚಿತ. ಭಾಗೀರಥಿ ಕೆರೆಗೆ ಇಳಿಯುವಾಗ ಹಾಡು ಅವಳ ದುಃಖವನ್ನು ಬಣ್ಣಿಸುವುದಿಲ್ಲ. ನೀರು ಎಲ್ಲಿಯವರೆಗೆ ಬಂತು ಎಂಬುದನ್ನು ಮೆಟ್ಟಿಲಿನಿಂದ ಮೆಟ್ಟಿಲಿಗೆ ಹೇಳುತ್ತ ಹೋಗುತ್ತದೆ. ಚೈಲ್ಡ್ ಸಂಗ್ರಹದ ಉತ್ತಮ ಹಾಡುಗಳೂ ಹಾಗೆಯೇ ನಡೆಯುತ್ತವೆ. ಏನಾಯಿತು, ಯಾರು ಏನೆಂದರು ಎಂಬುದಷ್ಟೇ ಅಲ್ಲಿರುತ್ತದೆ.

ಆನ್ ಬ್ರಿಗ್ಸ್ 1944ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ ಹುಟ್ಟಿದರು. ನಾಟಕಕಾರ ಆರ್ನಲ್ಡ್ ವೆಸ್ಕರ್ ಅವರ ಮುಂದಾಳತ್ವದಲ್ಲಿ, ಕಾರ್ಮಿಕ ಸಂಘಟನೆಗಳ ಬೆಂಬಲದಿಂದ, ಕಲೆಯನ್ನು ಲಂಡನ್ನಿನ ಹೊರಗಿನ ದುಡಿಯುವ ಜನರ ಊರುಗಳಿಗೆ ಒಯ್ಯಬೇಕೆಂದು ಹೊರಟ ‘ಸೆಂಟರ್ 42’ ಎಂಬ ತಂಡವು 1962ರಲ್ಲಿ ನಾಟಿಂಗ್‌ಹ್ಯಾಮ್‌ಗೆ ಬಂದಿತು. ಆ ಉತ್ಸವದ ಜನಪದ ಗಾಯನದ ಹೊಣೆ ಹೊತ್ತಿದ್ದ ಯುವಾನ್ ಮೆಕಾಲ್ ಮತ್ತು ಎ. ಎಲ್. ಲಾಯ್ಡ್ ಅವರ ಮುಂದೆ ಹದಿನೇಳರ ಈ ಹುಡುಗಿ ಹಾಡಿದಳು. ಹದಿನೆಂಟು ತುಂಬುವ ಮೊದಲೇ ಮನೆ ಬಿಟ್ಟು ಆ ತಂಡದ ಜೊತೆ ಹೊರಟಳು. ಆಮೇಲಿನ ವರ್ಷಗಳಲ್ಲಿ ಅವರು ಲಂಡನ್ನಿನಲ್ಲಿಯೂ ಐರ್ಲೆಂಡಿನ ದಾರಿಗಳಲ್ಲಿಯೂ ಅಲೆಯುತ್ತ ಹಾಡಿದರು. 1960ರ ದಶಕದಲ್ಲಿ ಟಾಪಿಕ್ ಸಂಸ್ಥೆಯ ಕೆಲವು ಸಂಕಲನಗಳಿಗೆ ಮತ್ತು ಒಂದು ಕಿರುಮುದ್ರಿಕೆಗೆ ಹಾಡಿದರಾದರೂ ಪೂರ್ಣ ಸಂಪುಟವೊಂದು ಹೊರಬರಲು ಸುಮಾರು ಒಂಬತ್ತು ವರ್ಷ ಬೇಕಾಯಿತು. ಆ ವಿಳಂಬ ಹಾಡುಗಳಿಗೆ ಒಳ್ಳೆಯದನ್ನೇ ಮಾಡಿತು ಎಂಬುದು ನನ್ನ ನಂಬಿಕೆ. ಮುದ್ರಣಕ್ಕೆ ಬರುವ ಹೊತ್ತಿಗೆ ಅವು ಗಾಯಕಿಯ ಬಾಯಲ್ಲಿ ವರ್ಷಗಟ್ಟಲೆ ಪಳಗಿದ್ದವು.

ಹಾಡಿಕೆಯ ವಿಷಯಕ್ಕೆ ಬರುತ್ತೇನೆ. ಈ ಸಂಪುಟದ ಕೆಲವು ಹಾಡುಗಳಿಗೆ ಗಿಟಾರ್ ಇದೆ, ಕೆಲವಕ್ಕೆ ಬೂಝೂಕಿ ಎಂಬ ತಂತಿವಾದ್ಯವಿದೆ. ಗ್ರೀಸ್ ದೇಶದ ಈ ವಾದ್ಯವನ್ನು 1960ರ ದಶಕದ ನಡುವಿನಲ್ಲಿ ಐರಿಶ್ ಸಂಗೀತಕ್ಕೆ ತಂದವರೆಂದು ಹೆಸರಾದ ಜಾನಿ ಮಾಯ್ನಿಹನ್ ಬ್ರಿಗ್ಸ್ ಅವರ ಸಂಗಾತಿಯಾಗಿದ್ದರು. ಆದರೆ ಈ ಮುದ್ರಿಕೆಯ ಜೀವ ಇರುವುದು ಯಾವ ವಾದ್ಯವೂ ಇಲ್ಲದ ಹಾಡುಗಳಲ್ಲಿ. ಶ್ರುತಿಯಿಲ್ಲ, ತಾಳವಿಲ್ಲ, ಹಿಮ್ಮೇಳವಿಲ್ಲ; ಒಂದು ಹೆಣ್ಣುದನಿ ಮಾತ್ರ. ನಮಗೆ ಇದು ಹೊಸದೇನಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ಯಾವ ವಾದ್ಯವನ್ನು ಕೇಳಿದ್ದರು? ಆದರೆ ಕಲ್ಲಿನ ತಿರುಗುವಿಕೆ ಅವರಿಗೊಂದು ಲಯವನ್ನು ಕೊಡುತ್ತಿತ್ತು. ಬ್ರಿಗ್ಸ್ ಅವರಿಗೆ ಅದೂ ಇಲ್ಲ. ಅವರು ಸಾಲಿನ ಕೊನೆಯಲ್ಲಿ ಉಸಿರು ಬೇಕಾದಷ್ಟು ಹೊತ್ತು ನಿಲ್ಲುತ್ತಾರೆ, ಸ್ವರದಿಂದ ಸ್ವರಕ್ಕೆ ಹೋಗುವಾಗ ಸಣ್ಣ ಅಲುಗೊಂದನ್ನು ಕೊಡುತ್ತಾರೆ, ಮತ್ತೆ ಮುಂದೆ ನಡೆಯುತ್ತಾರೆ. ಕಥೆಯಲ್ಲಿ ಸಾವು ಬಂದರೂ ದನಿ ಏರುವುದಿಲ್ಲ, ಪ್ರೇಮ ಬಂದರೂ ಒದ್ದೆಯಾಗುವುದಿಲ್ಲ. ಭಾವವೇ ಇಲ್ಲವೆಂದು ಕೆಲವರಿಗೆ ಮೊದಲು ಅನ್ನಿಸಬಹುದು. ನನಗೆ ಕೇಳಿಸುವುದು ಬೇರೆ. ತನಗೆ ಏನನ್ನಿಸಿತು ಎಂಬುದನ್ನು ಹಾಡಿನ ಮೇಲೆ ಹೇರಬಾರದೆಂದು ಗಾಯಕಿ ಮನಸ್ಸು ಗಟ್ಟಿಮಾಡಿಕೊಂಡು ಬದಿಗೆ ಸರಿದು ನಿಂತಿದ್ದಾಳೆ, ಮತ್ತು ಹಾಗೆ ಸರಿದು ನಿಂತದ್ದರಿಂದ ಉಂಟಾದ ತೆರವಿನಲ್ಲಿ ಕೇಳುವವರ ದುಃಖಕ್ಕೆ ಜಾಗ ದೊರೆತಿದೆ.

ಇದನ್ನು ಅತ್ಯಂತ ಸ್ಪಷ್ಟವಾಗಿ ಕಾಣಬಹುದಾದದ್ದು ‘ಯಂಗ್ ಟ್ಯಾಂಬ್ಲಿಂಗ್’ ಎಂಬ ಹಾಡಿನಲ್ಲಿ. ‘ಟ್ಯಾಮ್ ಲಿನ್’ ಎಂಬ ಹೆಸರಿನಲ್ಲಿ ಇದು ಚೈಲ್ಡ್ ಸಂಗ್ರಹದ 39ನೆಯ ಕಥನಗೀತೆ. ಇದರ ಹೆಸರು 1549ರ ಒಂದು ಸ್ಕಾಟಿಷ್ ಗ್ರಂಥದಲ್ಲಿಯೇ ಬಂದಿದೆ. ಕವಿ ರಾಬರ್ಟ್ ಬರ್ನ್ಸ್ ಕೊಟ್ಟ ಪಾಠವೊಂದು 1796ರಲ್ಲಿ ಅಚ್ಚಾಯಿತು. ಕಥೆ ನಡೆಯುವುದು ಸ್ಕಾಟ್ಲೆಂಡಿನ ಗಡಿನಾಡಿನಲ್ಲಿ, ಸೆಲ್ಕರ್ಕ್ ಊರಿನ ಹತ್ತಿರ ಎಟ್ರಿಕ್ ಮತ್ತು ಯಾರೋ ನದಿಗಳು ಕೂಡುವೆಡೆಯ ಕಾರ್ಟರ್‌ಹಾ ಕಾಡಿನಲ್ಲಿ. ಹೋಗಬಾರದ ಆ ಕಾಡಿಗೆ ಹೋಗಿ ಹೂ ಕಿತ್ತ ಹುಡುಗಿಯ ಮುಂದೆ ಒಬ್ಬ ತರುಣ ಕಾಣಿಸಿಕೊಳ್ಳುತ್ತಾನೆ. ಅವಳು ಬಸುರಿಯಾಗಿ ತಂದೆಯ ಮನೆಗೆ ಮರಳುತ್ತಾಳೆ. ಮತ್ತೆ ಕಾಡಿಗೆ ಹೋಗಿ, ನೀನು ಮನುಷ್ಯನೋ ಅಲ್ಲವೋ ಎಂದು ಅವನನ್ನೇ ಕೇಳುತ್ತಾಳೆ. ತಾನು ಮನುಷ್ಯನೇ, ಯಕ್ಷಿಣಿಯರ ರಾಣಿ ತನ್ನನ್ನು ಹಿಡಿದುಕೊಂಡು ಹೋದಳು, ಏಳು ವರ್ಷಕ್ಕೊಮ್ಮೆ ಆ ಲೋಕದವರು ನರಕಕ್ಕೆ ಒಂದು ಜೀವವನ್ನು ಕಪ್ಪವಾಗಿ ಕೊಡಬೇಕು, ಈ ಸಲ ತನ್ನ ಸರದಿ ಬರಬಹುದು ಎಂದು ಅವನು ಹೇಳುತ್ತಾನೆ. ಹ್ಯಾಲೋವೀನ್ ರಾತ್ರಿ ಅವರ ಕುದುರೆಗಳ ಸಾಲು ಸಾಗುವಾಗ ಅವನನ್ನು ಕೆಳಗೆಳೆದು ತಬ್ಬಿ ಹಿಡಿಯಬೇಕು, ಅವಳ ತೋಳುಗಳಲ್ಲಿಯೇ ಅವನನ್ನು ಹಾವಾಗಿ, ಕಾಡುಮೃಗವಾಗಿ, ಕೆಂಡವಾಗಿ ಮಾರ್ಪಡಿಸುತ್ತಾರೆ, ಏನಾದರೂ ಬಿಡಬಾರದು. ರೂಪಗಳ ಪಟ್ಟಿ ಪಾಠದಿಂದ ಪಾಠಕ್ಕೆ ಬದಲಾಗುತ್ತದೆ, ಆದರೆ ಬಿಡಬಾರದೆಂಬ ಮಾತು ಬಹುತೇಕ ಪಾಠಗಳಲ್ಲಿ ಇದೆ. ಅವಳು ಬಿಡುವುದಿಲ್ಲ. ಕೊನೆಗೆ ಬೆತ್ತಲೆ ಮನುಷ್ಯನೊಬ್ಬ ಅವಳ ತೋಳುಗಳಲ್ಲಿ ಉಳಿಯುತ್ತಾನೆ, ಮತ್ತು ರಾಣಿಯ ಶಾಪದೊಂದಿಗೆ ಹಾಡು ಮುಗಿಯುತ್ತದೆ.

ಈ ಕಥೆಯನ್ನು ಬ್ರಿಗ್ಸ್ ಹತ್ತು ನಿಮಿಷಕ್ಕೂ ಹೆಚ್ಚು ಕಾಲ ಬರಿಯ ದನಿಯಲ್ಲಿ ಹಾಡುತ್ತಾರೆ. ಎರಡು ವರ್ಷಗಳ ಹಿಂದೆ, 1969ರಲ್ಲಿ, ಫೇರ್‌ಪೋರ್ಟ್ ಕನ್ವೆನ್ಷನ್ ಎಂಬ ತಂಡ ಇದೇ ಕಥೆಯನ್ನು ವಿದ್ಯುತ್ ಗಿಟಾರ್, ಡ್ರಮ್, ಪಿಟೀಲುಗಳೊಂದಿಗೆ ಹಾಡಿ ಪ್ರಸಿದ್ಧಗೊಳಿಸಿತ್ತು. ಅದೂ ನನಗೆ ಪ್ರಿಯವೇ. ಆದರೆ ಅಲ್ಲಿ ರೂಪಾಂತರದ ಭಯವನ್ನು ವಾದ್ಯಗಳು ನಮಗಾಗಿ ಮಾಡಿ ತೋರಿಸುತ್ತವೆ. ಬ್ರಿಗ್ಸ್ ಅವರಲ್ಲಿ ಹಾವಿಗೂ ಕೆಂಡಕ್ಕೂ ಅದೇ ಧಾಟಿ, ಅದೇ ದನಿ, ಅದೇ ನಡೆ. ಏನು ಬಂದರೂ ಹಿಡಿತ ಸಡಿಲಿಸದ ಹುಡುಗಿಯ ಕಥೆಯನ್ನು ಏನು ಬಂದರೂ ಅಲುಗದ ದನಿಯಲ್ಲಿ ಹಾಡಿದಾಗ, ಹಾಡುವ ಕ್ರಿಯೆಯೂ ಹಿಡಿದುಕೊಳ್ಳುವ ಕ್ರಿಯೆಯೂ ಒಂದೇ ಆಗಿಬಿಡುತ್ತವೆ. ನಾನು ಕೇಳಿರುವ ಕಥನಗೀತೆಗಳ ಗಾಯನದಲ್ಲಿ ಇದಕ್ಕಿಂತ ದೊಡ್ಡದನ್ನು ಕಂಡಿಲ್ಲ.

ಇಲ್ಲಿ ಒಂದು ತೊಡಕಿನ ಪ್ರಶ್ನೆಯನ್ನು ಎತ್ತಿಕೊಳ್ಳಬೇಕು. ಎಂಟು ಹಾಡುಗಳನ್ನು ‘ಪಾರಂಪರಿಕ’ ಎಂದೆ. ಅವು ನಿಜಕ್ಕೂ ಎಷ್ಟರ ಮಟ್ಟಿಗೆ ಕರ್ತೃವಿಲ್ಲದವು? ಇದೇ ಸಂಪುಟದ ‘ರೆನಾರ್ಡೀನ್’ ಹಾಡನ್ನು ನೋಡೋಣ. ಬೆಟ್ಟದಲ್ಲಿ ಹುಡುಗಿಯೊಬ್ಬಳು ಒಬ್ಬ ಅಪರಿಚಿತನನ್ನು ಭೇಟಿಯಾಗಿ ಅವನ ಬೆನ್ನ ಹಿಂದೆ ನಡೆದುಹೋಗುತ್ತಾಳೆ. ಅವನ ಹಲ್ಲುಗಳು ಹೊಳೆಯುತ್ತವೆ. ಅವನು ಮನುಷ್ಯನೋ ನರಿಯೋ ಎಂಬ ಅನುಮಾನ ಕೇಳುವವರಲ್ಲಿ ಉಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೀದಿಗಳಲ್ಲಿ ಮಾರಾಟವಾಗುತ್ತಿದ್ದ ಒಂದೇ ಹಾಳೆಯ ಅಚ್ಚಿನ ಹಾಡುಗಳಲ್ಲಿ ರೆನಾರ್ಡೀನ್ ಇದ್ದಾನೆ, ಆದರೆ ಅಲ್ಲಿ ಅವನೊಬ್ಬ ತಲೆಮರೆಸಿಕೊಂಡ ಮನುಷ್ಯನಷ್ಟೆ. ಅವನಿಗೆ ನರಿಯ ನೆರಳನ್ನೂ ಹೊಳೆಯುವ ಹಲ್ಲುಗಳನ್ನೂ ಹೀಗೆ ಗಾಢವಾಗಿ ತಂದುಕೊಟ್ಟದ್ದು ಬಹುಮಟ್ಟಿಗೆ ಎ. ಎಲ್. ಲಾಯ್ಡ್ ಅವರ ಕೈ ಎಂಬುದನ್ನು ಜಾನಪದ ವಿದ್ವಾಂಸ ಸ್ಟೀಫನ್ ವಿನಿಕ್ 2004ರ ತಮ್ಮ ಪ್ರಬಂಧವೊಂದರಲ್ಲಿ ವಿವರವಾಗಿ ತೋರಿಸಿದ್ದಾರೆ. ಲಾಯ್ಡ್ ವಿದ್ವಾಂಸರೂ ಹೌದು, ಹಾಡುಗಾರರೂ ಹೌದು. ತಾವು ತಿದ್ದಿದ್ದನ್ನು ತಿದ್ದಿದ್ದೆಂದು ಅವರು ಯಾವಾಗಲೂ ಹೇಳಲಿಲ್ಲ. ವಿದ್ವತ್ತಿನ ದೃಷ್ಟಿಯಿಂದ ಇದು ದೋಷವೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬ್ರಿಗ್ಸ್ ಅವರ ಬಾಯಲ್ಲಿ ಆ ಹಾಡನ್ನು ಕೇಳಿದ ಮೇಲೆ ನರಿಯಿಲ್ಲದ ಹಳೆಯ ಪಾಠಕ್ಕೆ ಮರಳಲು ನನಗಂತೂ ಮನಸ್ಸು ಬರುವುದಿಲ್ಲ. ಹಾಗಾದರೆ ಇದು ಹಳೆಯ ಹಾಡೋ, ಇಪ್ಪತ್ತನೆಯ ಶತಮಾನದ ಹೊಸ ಹಾಡೋ?

‘ವಿಲ್ಲಿ ಓ ವಿನ್ಸ್‌ಬರಿ’ಯ ಧಾಟಿಯ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ಇದು ಚೈಲ್ಡ್ ಸಂಗ್ರಹದ 100ನೆಯ ಹಾಡು. ಅರಸ ಪರದೇಶದಿಂದ ಮರಳುವಷ್ಟರಲ್ಲಿ ಮಗಳು ಬಸುರಿಯಾಗಿದ್ದಾಳೆ. ಕಾರಣನಾದ ವಿಲ್ಲಿಯನ್ನು ಗಲ್ಲಿಗೇರಿಸಲು ಕರೆಸುತ್ತಾನೆ. ಅವನ ಚೆಲುವನ್ನು ಕಂಡ ಅರಸನ ಸಿಟ್ಟು ಅಲ್ಲಿಯೇ ಇಳಿದುಹೋಗುತ್ತದೆ. ಮಗಳ ಜೊತೆಗೆ ಭೂಮಿಯನ್ನೂ ಕೊಡುತ್ತೇನೆ ಎನ್ನುತ್ತಾನೆ. ವಿಲ್ಲಿ ಮಗಳನ್ನು ಒಪ್ಪಿ ಭೂಮಿಯನ್ನು ನಿರಾಕರಿಸುತ್ತಾನೆ. ಐರ್ಲೆಂಡಿನ ಸ್ವೀನೀಸ್ ಮೆನ್ ತಂಡದ ಆಂಡಿ ಅರ್ವೈನ್ ಈ ಹಾಡನ್ನು ಪುಸ್ತಕದಿಂದ ಕಲಿಯುವಾಗ ಸಂಖ್ಯೆಗಳನ್ನು ಅದಲುಬದಲು ಮಾಡಿಕೊಂಡು, ಇನ್ನಾವುದೋ ಕಥನಗೀತೆಯ ಧಾಟಿಯನ್ನು ಇದಕ್ಕೆ ಹೊಂದಿಸಿಬಿಟ್ಟರು. ಇದನ್ನು ಅವರೇ ಹೇಳಿಕೊಂಡಿದ್ದಾರೆ. ಅವರ ತಂಡ 1968ರಲ್ಲಿ ಅದನ್ನು ಮುದ್ರಿಸಿತು. ತಪ್ಪಿ ಬಂದು ಕೂತ ಆ ಧಾಟಿ ಹಾಡಿಗೆ ಎಷ್ಟು ಒಪ್ಪಿತೆಂದರೆ, ರಿಚರ್ಡ್ ಥಾಂಪ್ಸನ್ 1969ರಲ್ಲಿ ಫೇರ್‌ಪೋರ್ಟ್ ತಂಡಕ್ಕಾಗಿ ಅದೇ ಧಾಟಿಯ ಮೇಲೆ ಹೊಸದೊಂದು ವಿದಾಯದ ಹಾಡನ್ನು ಬರೆದರು, ಬ್ರಿಗ್ಸ್ 1971ರಲ್ಲಿ ಅದೇ ಧಾಟಿಯಲ್ಲಿ ವಿಲ್ಲಿಯ ಕಥೆಯನ್ನು ಹಾಡಿದರು. ಪುಟ ತಿರುವುವಾಗ ಆದ ಒಂದು ತಪ್ಪು ಮೂರು ವರ್ಷಗಳಲ್ಲಿ ಪರಂಪರೆಯಾಯಿತು. ಪರಂಪರೆ ಎಂಬುದು ಯಾವುದೋ ಕಾಲದಲ್ಲಿ ಮುಗಿದುಹೋದ ಕೆಲಸ ಎಂದು ತಿಳಿದವರಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕೊಡಲಾರೆ.

ಹಳೆಯ ಹಾಡುಗಳೊಳಗೆ ಹೊಸ ಕೈಗಳು ಹೀಗೆ ಆಡಿವೆ. ಇನ್ನು ಹೊಸ ಹಾಡುಗಳ ಕಡೆ ತಿರುಗಿದರೆ ಅಲ್ಲಿ ಹಳೆಯ ರೀತಿ ಕೆಲಸ ಮಾಡಿರುವುದು ಕಾಣುತ್ತದೆ. ‘ಗೋ ಯುವರ್ ವೇ’ ಎಂಬುದು ಹೋಗುವವನಿಗೆ ಹೋಗು ಎಂದು ಹೇಳಿ ಹಿಂದೆ ಉಳಿದವಳ ಹಾಡು. ಜ್ಯಾನ್ಶ್ ಮತ್ತು ಬ್ರಿಗ್ಸ್ 1960ರ ದಶಕದಲ್ಲಿ ಲಂಡನ್ನಿನಲ್ಲಿ ಜೊತೆಗೆ ಕುಳಿತು ಹಾಡುಗಳನ್ನು ಕಟ್ಟುತ್ತಿದ್ದ ದಿನಗಳಲ್ಲಿ ಇದು ಹುಟ್ಟಿತು. ಇದನ್ನು ಮೊದಲು ಮುದ್ರಿಸಿದವರು ಜ್ಯಾನ್ಶ್, 1967ರಲ್ಲಿ. ಈ ಸಂಪುಟದಲ್ಲಿಲ್ಲದ, ಬ್ರಿಗ್ಸ್ ಅವರ ಮತ್ತೊಂದು ಸ್ವಂತ ಹಾಡು, ‘ದ ಟೈಮ್ ಹ್ಯಾಸ್ ಕಮ್’, 1966ರಲ್ಲಿ ಜ್ಯಾನ್ಶ್ ಮತ್ತು ಗಿಟಾರ್ ವಾದಕ ಜಾನ್ ರೆನ್‌ಬೋರ್ನ್ ಅವರ ಮುದ್ರಿಕೆಯಲ್ಲಿಯೂ 1968ರಲ್ಲಿ ಪೆಂಟ್ಯಾಂಗಲ್ ತಂಡದ ಮುದ್ರಿಕೆಯಲ್ಲಿಯೂ ಬಂದುಬಿಟ್ಟಿತ್ತು. ಅಂದರೆ ಅವರು ಕಟ್ಟಿದ ಹಾಡುಗಳು ಅವರ ಹೆಸರಿನ ಮುದ್ರಿಕೆಗೆ ಸೇರುವ ಮೊದಲೇ ಬೇರೆಯವರ ಬಾಯಿಗೆ, ಬೇರೆಯವರ ಬೆರಳುಗಳಿಗೆ ಹೋಗಿ ತಿರುಗಾಡಿ ಬಂದಿದ್ದವು. ಹಾಡು ಹೊಸದಾದರೂ ಅದು ನಡೆದ ದಾರಿ ಜನಪದದ ದಾರಿಯೇ.

ನಮ್ಮಲ್ಲಿ ವಚನಕ್ಕೂ ಕೀರ್ತನೆಗೂ ಅಂಕಿತವಿದೆ. ಕೂಡಲಸಂಗಮದೇವ ಎಂದೊಡನೆ, ಪುರಂದರವಿಠಲ ಎಂದೊಡನೆ ಹಾಡು ಯಾರದೆಂದು ತಿಳಿಯುತ್ತದೆ. ಗರತಿಯರ ತ್ರಿಪದಿಗೆ ಅಂಕಿತವಿಲ್ಲ. ಬ್ರಿಗ್ಸ್ ಅವರ ಹೊಸ ಹಾಡುಗಳಲ್ಲಿ ನನ್ನನ್ನು ಸೆಳೆದದ್ದು ಆ ಅಂಕಿತವಿಲ್ಲದ ಗುಣ. ತನ್ನ ಕಾಲದ ಊರು, ತನ್ನ ಹೆಸರು, ತನ್ನ ವಿಶೇಷ ನೋವು ಎಂದು ಬೊಟ್ಟು ಮಾಡಿ ತೋರಿಸುವ ಗುರುತುಗಳನ್ನು ಅವರು ಹಾಡಿನಲ್ಲಿ ಇಡುವುದಿಲ್ಲ. ಯಾರು ಬೇಕಾದರೂ ಎತ್ತಿಕೊಂಡು ಹಾಡಬಹುದಾದ ಮಾತುಗಳನ್ನೇ ಆರಿಸುತ್ತಾರೆ.

ಆದರೆ ಅಂಕಿತವಿಲ್ಲದಿರುವುದಕ್ಕೆ ತೆರಬೇಕಾದ ಬೆಲೆಯೂ ಇದೆ, ಅದನ್ನು ಹೇಳದೆ ಹೋಗಲಾರೆ. ಸಂಪುಟದ ಮೊದಲ ಹಾಡು ‘ಬ್ಲ್ಯಾಕ್‌ವಾಟರ್ ಸೈಡ್’. ರಾತ್ರಿ ಮಾತು ಕೊಟ್ಟವನನ್ನು ಬೆಳಿಗ್ಗೆ ಹುಡುಗಿ ಕೇಳುತ್ತಾಳೆ. ತಂದೆಯ ತೋಟಕ್ಕೆ ಹೋಗಿ ಬೇಕಾದಷ್ಟು ಅಳು, ಮೀನು ಹಾರಿ ಸಮುದ್ರ ಬತ್ತಿದ ದಿನ ನಿನ್ನನ್ನು ಮದುವೆಯಾಗುತ್ತೇನೆ ಎನ್ನುತ್ತಾನೆ ಅವನು. ಮೇರಿ ಡೋರನ್ ಎಂಬ ಐರಿಶ್ ಅಲೆಮಾರಿ ಗಾಯಕಿ ಹಾಡಿದ ಈ ಹಾಡು ಬಿಬಿಸಿಯ ಧ್ವನಿ ಸಂಗ್ರಹದಲ್ಲಿತ್ತು. ಲಾಯ್ಡ್ ಅವರ ಮೂಲಕ ಬ್ರಿಗ್ಸ್ ಅವರಿಗೆ, ಬ್ರಿಗ್ಸ್ ಅವರಿಂದ ಜ್ಯಾನ್ಶ್ ಅವರಿಗೆ ಬಂತು. ಜ್ಯಾನ್ಶ್ ಅದಕ್ಕೆ ತಮ್ಮದೇ ಆದ ಗಿಟಾರ್ ನಡೆಯನ್ನು ಹೊಂದಿಸಿ 1966ರಲ್ಲಿ ಮುದ್ರಿಸಿದರು. 1969ರಲ್ಲಿ ಲೆಡ್ ಝೆಪೆಲಿನ್ ತಂಡದ ಮೊದಲ ಮುದ್ರಿಕೆಯಲ್ಲಿ ಆ ನಡೆಯನ್ನು ಬಹುಪಾಲು ಹೋಲುವ ವಾದ್ಯಕೃತಿಯೊಂದು, ತಬಲಾ ಸಾಥಿಯೊಂದಿಗೆ, ಆ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಅವರ ರಚನೆಯೆಂಬ ಉಲ್ಲೇಖದೊಂದಿಗೆ ಬಂದಿತು. ಬ್ರಿಗ್ಸ್ ತಾವೇ ದಾಟಿಸಿದ ಹಾಡನ್ನು ತಮ್ಮ ದನಿಯಲ್ಲಿ ಮುದ್ರಿಸಿದ್ದು ಇವೆಲ್ಲ ಆದ ಮೇಲೆ. ಬಾಯಿಂದ ಬಾಯಿಗೆ ಹೋಗುವಾಗ ಹಾಡು ಯಾರದೂ ಅಲ್ಲ. ಮುದ್ರಿಕೆಯ ಚೀಟಿಯ ಮೇಲೆ ಮಾತ್ರ ಅದು ಯಾರದಾದರೂ ಆಗಲೇಬೇಕು, ಮತ್ತು ಅಲ್ಲಿ ಅಲೆಮಾರಿ ಹೆಂಗಸಿನ ಹೆಸರು ಬೀಳುವುದಿಲ್ಲ. ನಮ್ಮ ಚಿತ್ರಗೀತೆಗಳಲ್ಲಿ ಜನಪದ ಧಾಟಿಗಳ ಗತಿ ಏನಾಗಿದೆ ಎಂಬುದನ್ನು ಬಲ್ಲ ಈ ಸಭೆಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಅದೇ 1971ರಲ್ಲಿ ಸಿಬಿಎಸ್ ಸಂಸ್ಥೆಯಿಂದ ಬ್ರಿಗ್ಸ್ ಅವರ ಇನ್ನೊಂದು ಸಂಪುಟ ಬಂದಿತು. ಅದರಲ್ಲಿ ಹೆಚ್ಚಿನವು ಸ್ವಂತ ಹಾಡುಗಳು. ಅದಕ್ಕೂ ಅಭಿಮಾನಿಗಳಿದ್ದಾರೆ, ನಾನೂ ಕೇಳುತ್ತೇನೆ. ಆದರೂ ಸ್ವಂತ ಹಾಡುಗಳು ಒಟ್ಟಾಗಿ ಬಂದಾಗ ಒಂದರ ನೆರಳಲ್ಲಿ ಇನ್ನೊಂದು ನಿಂತಂತೆ ಕೇಳಿಸುತ್ತವೆ. ಮೊದಲ ಸಂಪುಟದಲ್ಲಿ ಎರಡೇ ಎರಡು ಇದ್ದಾಗ ಹಳೆಯ ಹಾಡುಗಳು ಅವುಗಳಿಗೆ ಕೊಟ್ಟ ಆಳ ಇಲ್ಲಿ ದೊರೆಯುವುದಿಲ್ಲ. 1973ರಲ್ಲಿ ಮೂರನೆಯ ಸಂಪುಟವನ್ನು ಮುದ್ರಿಸಿದರು, ಆದರೆ ಅದು 1990ರ ದಶಕದವರೆಗೆ ಹೊರಬರಲಿಲ್ಲ. ಮುದ್ರಿಕೆಯಲ್ಲಿ ತಮ್ಮ ದನಿಯನ್ನು ಕೇಳುವುದೇ ಅವರಿಗೆ ಇಷ್ಟವಿರಲಿಲ್ಲ. ಅವರು ಹಾಡುವ ವೃತ್ತಿಯಿಂದ ದೂರ ಸರಿದರು.

ಕೊನೆಯದಾಗಿ, ಹಾಡುಗಳನ್ನು ಜೋಡಿಸಿರುವ ಕ್ರಮವನ್ನು ಗಮನಿಸಬೇಕೆಂದು ಕೋರುತ್ತೇನೆ. ಸ್ವಂತ ಹಾಡುಗಳನ್ನು ಮೊದಲಲ್ಲಿಯೂ ಇಟ್ಟಿಲ್ಲ, ಕೊನೆಯಲ್ಲಿಯೂ ಇಟ್ಟಿಲ್ಲ. ‘ಗೋ ಯುವರ್ ವೇ’ ನಾಲ್ಕನೆಯದು. ಅದರ ಹಿಂದೆ ವಿಲ್ಲಿಯ ಕಥೆಯಿದೆ, ಮುಂದೆ ಗಾಯಕಿಯ ಸ್ವಂತ ಜಿಲ್ಲೆಯ ಕಾಡಿನಲ್ಲಿ ಕದ್ದು ಬೇಟೆಯಾಡುವವರ ಹಾಡು ‘ಥಾರ್ನಿಮೂರ್ ವುಡ್ಸ್’ ಇದೆ. ಇನ್ನೊಂದು ಸ್ವಂತ ಹಾಡು ‘ಲಿವಿಂಗ್ ಬೈ ದ ವಾಟರ್’ ಒಂಬತ್ತನೆಯದು. ಹತ್ತು ನಿಮಿಷದ ಟ್ಯಾಂಬ್ಲಿಂಗನ ಕಥೆ ಮುಗಿದೊಡನೆ, ನೀರಿನ ದಡದಲ್ಲಿ ಒಂಟಿಯಾಗಿ ಬದುಕುವ ಮಾತಿನ ಈ ಹಾಡು ಬರುತ್ತದೆ. ಅದರ ನಂತರ ಕೊನೆಯ ಹಾಡು, ‘ಮಾ ಬಾನಿ ಲ್ಯಾಡ್’, ಇಂಗ್ಲೆಂಡಿನ ಈಶಾನ್ಯ ಕರಾವಳಿಯದು. ಅಲ್ಲಿ ಟೈನ್ ನದಿಯಲ್ಲಿ ಕಲ್ಲಿದ್ದಲು ಸಾಗಿಸುತ್ತಿದ್ದ ಕೀಲ್ ಎಂಬ ದೋಣಿಗಳಿಗೆ ದುಡಿಯಲು ಹೋದ ತನ್ನ ಹುಡುಗನನ್ನು ಯಾರಾದರೂ ಕಂಡಿರಾ ಎಂದು ಹೆಣ್ಣೊಬ್ಬಳು ಕೇಳುತ್ತಾಳೆ. ಕಂಡೆ ಎಂದು ಉತ್ತರ ಬರುತ್ತದೆ. ಕಡಲಿನಲ್ಲಿ ಕಂಡೆ, ಅವನ ಗೋರಿ ಹಸಿರಾಗಿದೆ, ಆದರೆ ಅದು ಹುಲ್ಲಿನ ಹಸಿರಲ್ಲ, ಅವನ ಮಗ್ಗುಲಲ್ಲಿ ನೀನು ಎಂದೂ ಮಲಗಲಾರೆ. ಒಂದು ಪ್ರಶ್ನೆ, ಒಂದು ಉತ್ತರ, ಹತ್ತಿರ ಹತ್ತಿರ ಒಂದೇ ನಿಮಿಷ. ಬ್ರಿಗ್ಸ್ ಕೊನೆಯ ಸಾಲನ್ನು ಮೊದಲಿನ ಸಾಲಿನಷ್ಟೇ ಮೆಲ್ಲಗೆ ಹಾಡಿ ನಿಲ್ಲಿಸುತ್ತಾರೆ.